ಟೆಲಿಸ್ಕ್ರೀನ್‌ಗೆ ಕಾಣದ ಮೂಲೆ

ಸಮಾಜ ಪಾತ್ರವನ್ನು ಹೇಗೆ ರೂಪಿಸುತ್ತದೆ ಎಂಬ ಬಗೆಗಿನ ಲೇಖನವೊಂದರಲ್ಲಿ, ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ನಾಯಕ ವಿನ್‌ಸ್ಟನ್ ಹುಟ್ಟಾ ಬಂಡಾಯಗಾರ ಎಂದು ಅದರ ಲೇಖಕರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ಕದ್ದುಮುಚ್ಚಿ ದಿನಚರಿ ಬರೆಯಲು ಕುಳಿತದ್ದಕ್ಕೆ ಅವನ ಕೋಣೆಯ ವಿನ್ಯಾಸವೂ ಕಾರಣ: ಜನರ ಮೇಲೆ ಸದಾ ಕಣ್ಣಿಡುವ ಸರ್ಕಾರಿ ಪರದೆಯಾದ ಟೆಲಿಸ್ಕ್ರೀನ್ ಎಂದಿನ ಜಾಗದಲ್ಲಿಲ್ಲ, ಅದರ ಕಣ್ಣಿಗೆ ಬೀಳದ ಗೂಡಿನಂಥ ಮೂಲೆಯೊಂದು ಉಳಿದಿದೆ. ಅದಿಲ್ಲದಿದ್ದರೆ ಅವನೂ ಕಚೇರಿಯಲ್ಲಿ ಹಳೆಯ ಪತ್ರಿಕೆಗಳನ್ನು ಸರ್ಕಾರಕ್ಕೆ ಬೇಕಾದಂತೆ ತಿದ್ದಿ ಸುಮ್ಮನೆ ಮನೆಗೆ ಬರುತ್ತಿದ್ದನೇನೋ. (ಆ ತಿದ್ದುವ ಕೆಲಸ ಅವನಿಗೆ ಬಲು ಇಷ್ಟ ಎಂಬುದನ್ನು ನಾವು ಮರೆತೇಬಿಡುತ್ತೇವೆ.)

ನನ್ನನ್ನು ಹೆಚ್ಚು ಕಾಡಿದವನು ನೆರೆಮನೆಯ ಪಾರ್ಸನ್ಸ್. ಅವನು ನಿದ್ದೆಯಲ್ಲಿ ಸರ್ಕಾರದ ವಿರುದ್ಧ ಬಡಬಡಿಸಿದ್ದನ್ನು ಏಳು ವರ್ಷದ ಮಗಳು ಬೀಗದ ಕಿಂಡಿಯಲ್ಲಿ ಕೇಳಿಸಿಕೊಂಡು ದೂರು ಕೊಡುತ್ತಾಳೆ. ಸೆರೆಯಲ್ಲಿ ಕುಳಿತ ಅಪ್ಪನಿಗೆ ಸಿಟ್ಟಿಲ್ಲ, ಮಗಳನ್ನು ಚೆನ್ನಾಗಿ ಬೆಳೆಸಿದೆನೆಂಬ ಹೆಮ್ಮೆ! ಸಮಾಜ ಪಾತ್ರವನ್ನು ರೂಪಿಸುವ ಬಗ್ಗೆ ಇಷ್ಟುದ್ದ ಬರೆದ ಲೇಖನದಲ್ಲಿ ಅವನ ಹೆಸರೇ ಇಲ್ಲ.