ರೇಡಿಯೋ ಸೌಂಡ್ ಕಮ್ಮಿ ಮಾಡಿ, ಮಾತಾಡಿ

ವಾರಕ್ಕೊಮ್ಮೆ ಬೆಳಿಗ್ಗೆ ತಿಂಡಿ ಹೊತ್ತಿಗೆ ನಮ್ಮ ಕಡೆಯ ರೇಡಿಯೋದಲ್ಲಿ ಅಧಿಕಾರಿಗಳ ಜೊತೆ ನೇರ ಫೋನ್-ಇನ್ ಬರುತ್ತದೆ. ನಿಮ್ಮ ಕಡೆಯೂ ಬರುತ್ತಿರಬೇಕು, ಹೆಸರು ಬೇರೆ ಇದ್ದೀತು ಅಷ್ಟೆ. ಈ ಸಲ ಬಂದಿದ್ದ ಸಾಹೇಬರ ಕಚೇರಿ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅವರನ್ನು ಮಾತಾಡಿಸಬೇಕು ಅಂತ ಒಂದೂವರೆ ತಿಂಗಳಿಂದ ಚಪ್ಪಲಿ ಸವೆಸಿದ್ದೇನೆ. ಹೋದಾಗಲೆಲ್ಲ ‘ಸಾಹೇಬ್ರು ಮೀಟಿಂಗು’. ಕೊನೆಗೂ ಅವರ ದನಿ ನನ್ನ ಕಿವಿಗೆ ಬಿತ್ತು. ಅದಕ್ಕೆ ಅವರು ಜೀಪು ಹತ್ತಿ ಇನ್ನೊಂದು ಊರಿಗೆ ಹೋಗಿ, ಅಲ್ಲಿನ ಟವರಿನಿಂದ ನಮ್ಮ ಅಡುಗೆಮನೆಗೆ ಇಳಿದು ಬರಬೇಕಾಯಿತು. ಅಷ್ಟು ಕಷ್ಟಪಟ್ಟವರ ಮೇಲೆ ಸಿಟ್ಟು ಮಾಡೋದು ಹೇಗೆ ಹೇಳಿ.

ಈ ಕಾರ್ಯಕ್ರಮದ ಬಗ್ಗೆ ನನಗೆ ನಿಜಕ್ಕೂ ಗೌರವ. ಸರ್ಕಾರದ ವತಿಯಿಂದ ಕೊಟ್ಟ ಆದೇಶವೊಂದು ಎರಡೇ ಸೆಕೆಂಡಿನಲ್ಲಿ ಜಾರಿಯಾಗುವುದನ್ನು ಕೇಳಬೇಕಾದರೆ ಇಲ್ಲಿಗೇ ಬರಬೇಕು. ‘ನಿಮ್ಮ ರೇಡಿಯೋ ಸೌಂಡ್ ಕಮ್ಮಿ ಮಾಡಿ, ಮಾತಾಡಿ.’ ಆ ಕಡೆ ಟಕ್ ಅಂತ ಕಮ್ಮಿ ಆಗುತ್ತದೆ. ಕಮ್ಮಿ ಮಾಡದಿದ್ದರೆ ರೇಡಿಯೋದ ಮಾತು ಫೋನಿಗೆ, ಫೋನಿನ ಮಾತು ರೇಡಿಯೋಗೆ ಸುತ್ತು ಹೊಡೆದು ಕುಂಯ್ ಅನ್ನುತ್ತದೆ. ಅರ್ಜಿ ಟೇಬಲ್ಲಿಂದ ಟೇಬಲ್ಲಿಗೆ ಸುತ್ತುತ್ತದಲ್ಲ, ಹಾಗೆ. ಅರ್ಜಿ ಕುಂಯ್ ಅನ್ನಲ್ಲ ಅಷ್ಟೆ.

ಕರೆ ಮಾಡಿದವರು ಮೊದಲು ಹೇಳುವುದು ‘ಕಾರ್ಯಕ್ರಮ ತುಂಬಾ ಚೆನ್ನಾಗಿ ಮೂಡಿಬರ್ತಿದೆ ಮೇಡಂ’. ಆಗಿನ್ನೂ ಶುರುವಾಗಿ ಮೂರು ನಿಮಿಷ. ಒಬ್ಬರಂತೂ ಎಲ್ಲ ವಾರವೂ ಇರುತ್ತಾರೆ. ತೆಂಗಿನ ವಾರ ಅವರ ತೋಟಕ್ಕೆ ನುಸಿ. ಸಕ್ಕರೆ ಕಾಯಿಲೆಯ ವಾರ ಅವರಿಗೇ ಸಕ್ಕರೆ. ಪಶುವೈದ್ಯರು ಬಂದರೆ ಅವರ ಎಮ್ಮೆ ಮೇವು ಬಿಟ್ಟಿರುತ್ತದೆ. ಆ ಮನೆಯವರ ಕಷ್ಟ ನೆನೆದು ನನ್ನ ಹೆಂಡತಿ ಒಂದು ದಿನ ದೀಪ ಹಚ್ಚಿದಳು.

ರೇಡಿಯೋ ವಿಷಯದಲ್ಲಿ ನಾವು ಕನ್ನಡಿಗರು ಸುಮ್ನೆ ಅಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. 30 ವಾಟಿನ ಯಂತ್ರ. ನಮ್ಮ ಬಚ್ಚಲಿನ ಹಳೇ ಬಲ್ಬು ಅದಕ್ಕಿಂತ ಜಾಸ್ತಿ ಎಳೆಯುತ್ತಿತ್ತು. ಅದಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಆಮೇಲೆ ಇಡೀ ದೇಶದ ರೇಡಿಯೋ ಆ ಹೆಸರನ್ನೇ ಇಟ್ಟುಕೊಂಡಿತು. ಅದಕ್ಕೂ ಹಿಂದಿನ ಆಕಾಶವಾಣಿ ಅಂದರೆ ಕಂಸನಿಗೆ ಕೇಳಿಸಿದ್ದು. ದೇವಕಿಯ ಎಂಟನೇ ಮಗು ನಿನ್ನನ್ನು ಕೊಲ್ಲುತ್ತದೆ ಅಂದಿತು, ಸುಮ್ಮನಾಯಿತು. ಆಗ ಫೋನ್-ಇನ್ ಇರಲಿಲ್ಲ, ಪಾಪ. ಇದ್ದಿದ್ದರೆ ಕಂಸ ಮಥುರೆಯಿಂದ ಕರೆ ಮಾಡುತ್ತಿದ್ದ. ‘ಏಳನೇದು ಹೊಟ್ಟೆಯಲ್ಲೇ ಹೋಯ್ತು ಅಂತಾರೆ ಸಾರ್. ಅದನ್ನೂ ಲೆಕ್ಕಕ್ಕೆ ಹಿಡೀಬೇಕಾ?’ ‘ಒಳ್ಳೇ ಪ್ರಶ್ನೆ ಕೇಳಿದ್ರಿ ಕಂಸ ಅವರೇ. ಸಂಬಂಧಪಟ್ಟವರ ಗಮನಕ್ಕೆ ತರ್ತೀವಿ.’ ಸಂಬಂಧಪಟ್ಟವರು ಅಷ್ಟೊತ್ತಿಗೆ ಗೋಕುಲದಲ್ಲಿ ಬೆಣ್ಣೆ ತಿನ್ನುತ್ತಿರುತ್ತಾರೆ.

ಈ ಸಂಬಂಧಪಟ್ಟವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ರೇಡಿಯೋಗೆ ಬರುವ ಪ್ರತಿ ಅಧಿಕಾರಿಗೂ ಅವರ ಪರಿಚಯ ಇದೆ. ಅವರು ಮಾತ್ರ ಒಂದು ವಾರವೂ ಬಂದಿಲ್ಲ.

ಈ ಸಲ ಒಬ್ಬ ಅಜ್ಜಿ ಲೈನಿಗೆ ಸಿಕ್ಕರು. ಸಂಧ್ಯಾ ಸುರಕ್ಷಾ ದುಡ್ಡು, ತಿಂಗಳಿಗೆ 1200 ರೂಪಾಯಿ, ಯುಗಾದಿಯಿಂದ ಬಂದಿಲ್ಲ. ಸಾಹೇಬರು ಬಹಳ ಮೆದುವಾಗಿ ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್ ಅಂತೆಲ್ಲ ವಿವರಿಸಿದರು. ಅಜ್ಜಿ ‘ಹೂಂ ಸಾಮಿ, ಹೂಂ ಸಾಮಿ’ ಅಂದರು. ಆಮೇಲೆ ‘ನನ್ನ ಬೆಳ್ಳು ಮಿಷಿನ್ನಿಗೆ ಹತ್ತಾಕಿಲ್ಲ, ಸವೆದೋಗವೆ’ ಅಂದರು. ‘ಒಂದ್ಸಲ ಆಫೀಸಿಗೆ ಬನ್ನಿ ಅಜ್ಜಿ, ಮಾಡಿಕೊಡೋಣ.’ ‘ನಾಕು ಸಲ ಬಂದಿದ್ನಲ್ಲ ಸಾಮಿ.’ ಅಷ್ಟಕ್ಕೆ ಕರೆ ಕಡಿತ. ‘ಕರೆ ಮಾಡಿದ್ದಕ್ಕೆ ಧನ್ಯವಾದ ಅಜ್ಜಿ, ಈಗೊಂದು ಚಿತ್ರಗೀತೆ.’

ಇಲ್ಲಿ ನನಗೆ ತಮಾಷೆ ಮಾಡಲು ಬರುತ್ತಿಲ್ಲ. ನಾಕು ಸಲ ಬಸ್ ಹತ್ತಿ ಬಂದವಳು ಅವಳು. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಅಳಿಸಿಕೊಂಡವಳು ಅವಳು. ಆ ಗೆರೆ ಇಲ್ಲ ಅಂತಲೇ ಅವಳ ದುಡ್ಡು ನಿಲ್ಲಿಸಿ, ನಾಕು ಸಲ ವಾಪಸ್ ಕಳಿಸಿ, ಐದನೇ ಸಲ ಬಾ ಅಂತ ಇಡೀ ಜಿಲ್ಲೆಗೆ ಕೇಳುವ ಹಾಗೆ ಹೇಳುತ್ತಾರೆ. ಒಂದು ಚೀಟಿಯಲ್ಲಿ ಅವಳ ಹೆಸರು, ಊರು ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? ಪೆನ್ ಇರಲಿಲ್ವಾ? ತಿಂಡಿ ತಟ್ಟೆ ಸರಿಸಿ ಎದ್ದುಬಿಟ್ಟೆ.

ಆ ಸಿಟ್ಟಿನಲ್ಲೇ ನಂಬರ್ ಒತ್ತಿದೆ. ಹದಿನಾರನೇ ಸಲಕ್ಕೆ ಲೈನ್ ಸಿಕ್ಕಿತು. ರೇಡಿಯೋ ಸೌಂಡ್ ಕಮ್ಮಿ ಮಾಡಿದೆ. ಅಜ್ಜಿಯ ವಿಷಯ ಎತ್ತಿದೆ. ‘ನಿಮ್ಮ ಸ್ವಂತ ಸಮಸ್ಯೆ ಇದ್ರೆ ಹೇಳಿ ಸಾರ್, ಸಮಯ ಕಮ್ಮಿ ಇದೆ’ ಅಂದರು ನಿರೂಪಕಿ. ಸರಿ, ನಮ್ಮ ಬೀದಿಯ ಚರಂಡಿ ಚಪ್ಪಡಿ ಹೇಳಿದೆ. ಮುರಿದು ಎರಡು ಮಳೆಗಾಲ ಕಳೆಯಿತು. ಕತ್ತಲಲ್ಲಿ ಯಾರೂ ಬೀಳದಿರಲಿ ಅಂತ ಪಕ್ಕದ ಮನೆಯವರು ಗುಂಡಿಯಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟಿದ್ದರು. ಅದು ಚಿಗುರಿ, ಮರವಾಗಿ, ಈಗ ಕಾಯಿ ಬಿಟ್ಟಿದೆ ಸಾರ್ ಅಂದೆ. ಸಾಹೇಬರು ಜೋರಾಗಿ ನಕ್ಕರು. ಚರಂಡಿ ತಮ್ಮದು, ಚಪ್ಪಡಿ ರಸ್ತೆಯವರದ್ದು, ಮರ ಅರಣ್ಯದವರದ್ದು ಇರಬಹುದು, ನೋಡಿ ಹೇಳ್ತೀನಿ ಅಂದರು. ಚಿತ್ರಗೀತೆ.

ಕಾರ್ಯಕ್ರಮ ಮುಗಿದು ಐದು ನಿಮಿಷಕ್ಕೆ ನನ್ನ ಫೋನ್ ಬಡಿದುಕೊಂಡಿತು. ಕಚೇರಿಯವರೇ ಇರಬೇಕು ಅಂತ ಓಡಿ ಎತ್ತಿದೆ. ಭದ್ರಾವತಿಯ ಸೋದರತ್ತೆ. ‘ರೇಡಿಯೋದಲ್ಲಿ ನಿನ್ನ ದನಿ ಕೇಳ್ದೆ ಕಣೋ, ಗಂಟಲು ಕಟ್ಟಿದ ಹಾಗಿತ್ತು. ಶುಂಠಿ ಕಷಾಯ ಕುಡಿ. ಆ ನುಗ್ಗೆಕಾಯಿ ಬಲಿಯೋಕೆ ಮುಂಚೆ ಕಿತ್ತು, ಈ ಕಡೆ ಬರೋರ ಕೈಲಿ ನಾಲ್ಕು ಕಳಿಸು.’