ಗುಟ್ಟಾಗಿ ಉಳಿದ ಪಾಸ್‌ವರ್ಡ್, ಬೈಕ್ ಹತ್ತಿದ ಸಿಪಿಯು

ಮಡಿಕೇರಿಯ ಸರ್ಕಾರಿ ಕಚೇರಿಯೊಂದರ ಸೂಚನಾ ಫಲಕದಲ್ಲಿ ಸೈಬರ್ ಭದ್ರತೆಯ ಸುತ್ತೋಲೆಯೊಂದು ಬೂಷ್ಟು ಹಿಡಿಯುತ್ತಾ ನೇತಾಡುತ್ತಿದೆ. ಸಿಬ್ಬಂದಿಯ ಪಾಸ್‌ವರ್ಡ್ 14 ಅಕ್ಷರಗಳಿಗೆ ಕಡಿಮೆಯಿರತಕ್ಕದ್ದಲ್ಲ, ಅದರಲ್ಲಿ ಅಂಕಿಯೂ ಚಿಹ್ನೆಯೂ ಕಡ್ಡಾಯ, 30 ದಿನಕ್ಕೊಮ್ಮೆ ಬದಲಾಯಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತು ಕ್ರಮ. ಹೀಗೆ ಗಡುವು ಹಾಕಿ ಬದಲಾಯಿಸುವುದರಿಂದ ಪ್ರಯೋಜನವಿಲ್ಲವೆಂದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲೇ ಹೇಳಿದೆಯಾದರೂ ಆ ಸುದ್ದಿ ಇನ್ನೂ ಘಟ್ಟ ಹತ್ತಿದಂತಿಲ್ಲ. ಇರಲಿ. ಪಾಸ್‌ವರ್ಡಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಸುತ್ತೋಲೆಯು ಕಂಪ್ಯೂಟರ್ ಎಲ್ಲಿರಬೇಕು, ಅದನ್ನು ಯಾರು ಮುಟ್ಟಬಹುದು ಎಂಬುದರ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ.

ಕಂಪ್ಯೂಟರ್ ಇರುವುದು ಜಗಲಿಗೆ ತೆರೆದುಕೊಂಡ ಕಿಟಕಿಯ ಪಕ್ಕದಲ್ಲಿ. ಸಿಪಿಯು ಪೆಟ್ಟಿಗೆಯ ಒಂದು ಬದಿಯ ತಗಡನ್ನು ಯಾವುದೋ ಮಳೆಗಾಲದಲ್ಲಿ ಬಿಚ್ಚಿದ್ದು, ಮತ್ತೆ ಹಾಕಿಲ್ಲ. ತೇವ ಕೂರದಿರಲೆಂದು ಮೇಜಿನಡಿ ಹಗಲಿಡೀ ಒಂದು ಬಲ್ಬು ಉರಿಯುತ್ತದೆ. ಆ ಬೆಳಕಿನಲ್ಲಿ ಹಾರ್ಡ್ ಡಿಸ್ಕ್, ಅದಕ್ಕೆ ಸಿಕ್ಕಿಸಿದ ಕೆಂಪು ಕೇಬಲ್, ಪಕ್ಕದಲ್ಲಿ ಬಿಸ್ಕತ್ತಿನ ಚೂರು, ಎಲ್ಲವೂ ಸರದಿಯಲ್ಲಿ ನಿಂತವರಿಗೆ ನಿಚ್ಚಳವಾಗಿ ಕಾಣುತ್ತವೆ. ಕಣದಲ್ಲಿ ಹರವಿದ ಕಾಫಿಗೆ ರಾತ್ರಿಯಿಡೀ ಕಾವಲು ಕೂರುವ ಜಿಲ್ಲೆಯಿದು. ಪಹಣಿಯೇನೋ ದೂರದ ಸರ್ವರ್‌ನಲ್ಲಿದೆ. ಆದರೆ ಅರ್ಜಿದಾರರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಹಿ, ಫೋಟೋಗಳ ಸ್ಕ್ಯಾನ್ ಪ್ರತಿಗಳೆಲ್ಲ ಈ ಡಿಸ್ಕಿನೊಳಗೇ ಇವೆ.

ಕಳೆದ ಮಳೆಗಾಲದಲ್ಲಿ ಈ ಕಂಪ್ಯೂಟರ್ ಕೈಕೊಟ್ಟಾಗ ರಿಪೇರಿಯ ಹುಡುಗ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಕುಶಾಲನಗರಕ್ಕೆ ಒಯ್ದ. ರಸೀದಿಯಿಲ್ಲ, ರಿಜಿಸ್ಟರಿನಲ್ಲಿ ನಮೂದಿಲ್ಲ. ಅರ್ಜಿಯ ಗತಿಯೇನಾಯಿತೆಂದು ಕೇಳಲು ಬಂದ ಹಿರಿಯರೊಬ್ಬರು ಖಾಲಿ ಮೇಜನ್ನು ನೋಡಿ ಗಾಬರಿಯಾದಾಗ ಗುಮಾಸ್ತರು ಎದೆಯುಬ್ಬಿಸಿ ಸಮಾಧಾನ ಹೇಳಿದರು: “ಏನೂ ಹೆದರ್ಬೇಡಿ ಸಾರ್, ಆ ಹುಡುಗ ಪಾಸ್‌ವರ್ಡ್ ಕೇಳಿದ, ನಾನು ಬಿಲ್‌ಕುಲ್ ಕೊಟ್ಟಿಲ್ಲ.”

ಆ ಹುಡುಗ ಪಾಸ್‌ವರ್ಡ್ ಕೇಳಿದ್ದು ಕೇವಲ ಮರ್ಯಾದೆಗೆ. ಪಾಸ್‌ವರ್ಡ್ ಕೇಳುವ, ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್ ಎಂಬುದು ತಾನು ಎಚ್ಚರವಿರುವಷ್ಟು ಹೊತ್ತು ಮಾತ್ರ ಕಾವಲು ಕಾಯುವ ಆಳು. ಯಂತ್ರವನ್ನು ಆರಿಸಿ, ಡಿಸ್ಕನ್ನು ಕಳಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಯಾವ ಕಡತವನ್ನು ಯಾರು ತೆರೆಯಬಹುದೆಂಬ ಅದರ ಕಟ್ಟಳೆಗಳನ್ನು ಪಾಲಿಸಬೇಕಾದ ಹಂಗು ಆ ಕಂಪ್ಯೂಟರಿಗಿಲ್ಲ. ಡಿಸ್ಕ್ ಬಿಚ್ಚಲು ಸೋಮಾರಿತನವಾದರೆ ಪೆನ್‌ಡ್ರೈವಿನಿಂದ ಬೇರೊಂದು ಸಿಸ್ಟಮ್ ಬೂಟ್ ಮಾಡಿದರಾಯಿತು. ಅದನ್ನು ತಡೆಯಲು, ಯಂತ್ರ ಹೊತ್ತಿಕೊಂಡಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ಗೆ ಹಾಕಿದ ಪಾಸ್‌ವರ್ಡ್, ಅನೇಕ ಡೆಸ್ಕ್‌ಟಾಪ್‌ಗಳಲ್ಲಿ, ಮದರ್‌ಬೋರ್ಡಿನ ನಾಣ್ಯದಗಲದ ಬ್ಯಾಟರಿಯನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಅಳಿಸಿಹೋಗುತ್ತದೆ. ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಸಿದರೆ ಪಾರಾದೆವೆಂದು ಬೀಗುವವರೂ ಇದ್ದಾರೆ. ಲಿನಕ್ಸನ್ನು ಚಾಲೂ ಮಾಡುವ ಗ್ರಬ್ ಎಂಬ ತಂತ್ರಾಂಶದ ಬೀಗ ಹಾಕದ ಪರದೆಯಲ್ಲಿ ಒಂದು ಸಾಲು ತಿದ್ದಿದರೆ ಅದೂ ಸಾಮಾನ್ಯವಾಗಿ ಏನೂ ಕೇಳದೆ ಎಲ್ಲವನ್ನೂ ತೆರೆಯಬಲ್ಲ ರೂಟ್ ಅಧಿಕಾರವನ್ನು ಒಪ್ಪಿಸುತ್ತದೆ. ನಿಮ್ಮ ಕಂಪ್ಯೂಟರ್ ದುಷ್ಟನ ಕೈಗೆ ಅಡೆತಡೆಯಿಲ್ಲದೆ ಸಿಕ್ಕಿತೆಂದರೆ ಅದು ಇನ್ನು ನಿಮ್ಮದಲ್ಲ ಎಂಬುದು ಮೈಕ್ರೋಸಾಫ್ಟ್ 2000ನೇ ಇಸವಿಯಲ್ಲಿ ಪಟ್ಟಿಮಾಡಿದ ಭದ್ರತೆಯ ಹತ್ತು ನಿಯಮಗಳಲ್ಲಿ ಮೂರನೆಯದು. ಮಾರಾಟಗಾರನೇ ಹೀಗೆ ಕೈಮುಗಿದ ಮೇಲೂ ಕೊಂಡವರು ನಂಬಿಕೆ ಬಿಟ್ಟಿಲ್ಲವೆಂಬುದು ಮೆಚ್ಚತಕ್ಕ ಸಂಗತಿ.

ಇದಕ್ಕೆ ಮದ್ದಿಲ್ಲವೆಂದಲ್ಲ. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ತಿರುಗಿಸಿದರೆ, ಕದ್ದವನಿಗೆ ಸಿಗುವುದು ಅರ್ಥವಾಗದ ಅಕ್ಷರರಾಶಿ ಮಾತ್ರ. ಅದಕ್ಕೂ ಮಿತಿಯುಂಟು: ವಿದ್ಯುತ್ ಕಡಿದ ಬಳಿಕವೂ ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ನಲ್ಲಿ ಕೀಲಿ ಕೆಲಕಾಲ ಉಳಿಯುತ್ತದೆಂದೂ, ಚಿಪ್ಪನ್ನು ಮೈನಸ್ 50 ಡಿಗ್ರಿಯವರೆಗೆ ತಣಿಸಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆಂದೂ ಪ್ರಿನ್ಸ್‌ಟನ್‌ನ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಮಡಿಕೇರಿಯ ಚಳಿ ಅಷ್ಟರ ಮಟ್ಟಿಗೆ ಹೋಗುವುದಿಲ್ಲ, ಅದೊಂದು ನೆಮ್ಮದಿ.

ಮೇಲಿನವರ ತಪಾಸಣೆಯ ನಂತರ ಕಚೇರಿಯೂ ಎಚ್ಚೆತ್ತಿತು. ಮೊದಲ ಕ್ರಮವಾಗಿ ಪಾಸ್‌ವರ್ಡನ್ನು 16 ಅಕ್ಷರಗಳಿಗೆ ಏರಿಸಲಾಯಿತು. ಕಿಟಕಿಗೆ ಚಿಲಕ, ಪೆಟ್ಟಿಗೆಗೆ ತಗಡು ಇವೆರಡಕ್ಕೂ ಅನುದಾನದ ಶೀರ್ಷಿಕೆ ಸಿಗದ ಕಾರಣ ಕಡತ ಮುಂದಕ್ಕೆ ಹೋಗಿದೆ. ಆದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿಸುವುದು ಖರ್ಚಿಲ್ಲದ ಕೆಲಸವಾದ್ದರಿಂದ ಅದೇ ರಿಪೇರಿಯ ಹುಡುಗನನ್ನು ಕರೆಸಿ ಹಾಕಿಸಿದರು. ಬಿಟ್‌ಲಾಕರಿನ ಪಾಸ್‌ವರ್ಡ್ ಮರೆತರೆ ಡಿಸ್ಕ್ ತೆರೆಯಲು ಬೇಕಾಗುವ 48 ಅಂಕಿಗಳ ರಿಕವರಿ ಕೀಲಿಯನ್ನು ಜೋಪಾನ ಮಾಡಿ ಎಂದು ಅವನು ಮತ್ತೆ ಮತ್ತೆ ಎಚ್ಚರಿಸಿದ್ದರಿಂದ, ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಜುಲೈ ಮಳೆಯ ತೇವಕ್ಕೆ ಹಾಳಾಗದಿರಲೆಂದು ಲ್ಯಾಮಿನೇಷನ್ ಮಾಡಿಸಿ, ಸಿಪಿಯು ಪೆಟ್ಟಿಗೆಯ ಮೇಲೆಯೇ ಅಂಟಿಸಲಾಗಿದೆ. ಲ್ಯಾಮಿನೇಷನ್ನಿನ ಬಿಲ್ಲು ಮಂಜೂರಾತಿಗಾಗಿ ಕಾಯುತ್ತಿದ್ದು, ಕೀಲಿಯ ಒಂದು ಜೆರಾಕ್ಸ್ ಪ್ರತಿಯನ್ನು ದೃಢೀಕರಿಸಿ ಅದಕ್ಕೆ ಲಗತ್ತಿಸಲಾಗಿದೆ.