ಚೈನು ಬಿದ್ದಾಗ ನಿಲ್ಲುವವರು

ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾಲ್ಕು ಸೈಕಲ್ಲುಗಳು ಒಂದರ ಹಿಂದೆ ಒಂದಾಗಿ ಅಲ್ಲ, ಒಂದರ ಪಕ್ಕ ಒಂದಾಗಿ, ರಸ್ತೆಯ ಅಷ್ಟೂ ಅಗಲವನ್ನು ತಮ್ಮದಾಗಿಸಿಕೊಂಡು ಬರುತ್ತವೆ. ಹಿಂದಿನಿಂದ ಹಾರ್ನ್ ಒತ್ತುವ ಟ್ರ್ಯಾಕ್ಟರಿಗೆ ದಾರಿ ಬಿಡುವಾಗಲೂ ಅವನ್ನು ತುಳಿಯುವ ಹುಡುಗಿಯರ ಮಾತು ತುಂಡಾಗುವುದಿಲ್ಲ. ಮೂರು ಕಿಲೋಮೀಟರ್ ಆಚೆಯ ಹಳ್ಳಿಯಿಂದ ನಮ್ಮೂರಿನ ಪ್ರೌಢಶಾಲೆಗೆ ಬರುವ ಇವರಿಗೆ ಅದೇ ದಾರಿಯಲ್ಲಿ ಬಸ್ಸೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಅದು ಪುಕ್ಕಟೆ. ಹಾಗಿದ್ದೂ ಏರಿನಲ್ಲಿ ಬೆವರು ಸುರಿಸಿ ಪೆಡಲು ತುಳಿಯುವುದೇಕೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಆರೋಗ್ಯ, ವ್ಯಾಯಾಮ, ಪರಿಸರ ಎಂದು ಪ್ರಬಂಧ ಸ್ಪರ್ಧೆಯ ಉತ್ತರವೇನಾದರೂ ಬಂದೀತೆಂದು ಕಾದವನಿಗೆ ಸಿಕ್ಕಿದ್ದು ಒಂದೇ ಮಾತು: "ಬಸ್ಸಲ್ಲಿ ಮಾತಾಡಕ್ಕೆ ಆಗಲ್ಲ ಅಂಕಲ್."

ತಾವು ಶಾಲೆಗೆ ಎಷ್ಟು ಮೈಲಿ ನಡೆಯುತ್ತಿದ್ದೆವೆಂದು ಮಕ್ಕಳ ಮುಂದೆ ಕೊಚ್ಚಿಕೊಳ್ಳುವ ನನ್ನ ವಾರಿಗೆಯವರು (ವಯಸ್ಸಾದಂತೆ ಆ ಮೈಲಿಗಳೂ ಬೆಳೆಯುತ್ತವೆ) ಒಂದು ಸಂಗತಿಯನ್ನು ಮಾತ್ರ ಮುಚ್ಚಿಡುತ್ತಾರೆ. ನಮಗೆ ಅದು ಕಷ್ಟವಾಗಿರಲೇ ಇಲ್ಲ. ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಕೆರೆ ಏರಿಯ ನೇರಳೆ ಮರವೂ ಹಣ್ಣಾಗುತ್ತಿತ್ತು. ಉದುರಿದ ಹಣ್ಣನ್ನು ಅಂಗಿಗೆ ಒರೆಸಿ ತಿಂದು, ತಡವಾದದ್ದಕ್ಕೆ ಹೊಟ್ಟೆನೋವಿನ ನೆಪ ಹೇಳಲು ಮೇಷ್ಟರ ಮುಂದೆ ಬಾಯಿ ತೆರೆದರೆ, ನೀಲಿಗಟ್ಟಿದ ನಾಲಿಗೆಯೇ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ಹೋಗುವಾಗ ಮುಕ್ಕಾಲು ಗಂಟೆಯ ದಾರಿ ಬರುವಾಗ ಒಂದೂವರೆ ಗಂಟೆಯಾಗುತ್ತಿತ್ತು. ಶಾಲೆಯ ಬಳಿ ಆರಿಸಿಕೊಂಡ ಒಂದೇ ಕಲ್ಲನ್ನು ಸರದಿಯ ಮೇಲೆ ಒದೆಯುತ್ತ ಊರ ಬಾಗಿಲವರೆಗೂ ತರಬೇಕೆಂಬುದು ನಮ್ಮ ಪಣ. ಮನೆಯಲ್ಲಿ ಅಪ್ಪನ ರಾಜ್ಯ, ಶಾಲೆಯಲ್ಲಿ ಮೇಷ್ಟರ ರಾಜ್ಯ. ನಡುವಿನ ದಾರಿಗೆ ದೊರೆಯಿರಲಿಲ್ಲ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಸೈಕಲ್ ಕೊಡಲು ತೊಡಗಿದಾಗ ಎಂಟನೆಯ ತರಗತಿಯನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಬಹಳಷ್ಟು ಹಳ್ಳಿಗಳಲ್ಲಿ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಎಂಟಕ್ಕೆ ಪಕ್ಕದೂರಿಗೆ ಹೋಗಬೇಕು, ಆ ಪಕ್ಕದೂರು ಎಷ್ಟೋ ಹುಡುಗಿಯರಿಗೆ ಓದಿನ ಕೊನೆಯಾಗಿಬಿಡುತ್ತಿತ್ತು. ಸೈಕಲ್ಲು ದೂರವನ್ನು ಕಡಿಮೆ ಮಾಡಿತು ಎನ್ನುತ್ತಾರೆ, ನಿಜ. ಆದರೆ ನನಗನ್ನಿಸುವುದು, ಒಬ್ಬಳಿಗೇ ಕೊಟ್ಟಿದ್ದರೆ ಅದು ಗೋಡೆಗೆ ಒರಗಿಯೇ ಇರುತ್ತಿತ್ತು. ಒಂಟಿಯಾಗಿ ಹೊರಟ ಮಗಳಿಗಾಗಿ ಬಾಗಿಲಲ್ಲಿ ನಿಂತು ಹೆದರುವ ತಾಯಿ, ಅದೇ ಬೀದಿಯ ನಾಲ್ವರು ಒಟ್ಟಿಗೆ ಗಂಟೆ ಬಾರಿಸುತ್ತ ಹೊರಟರೆ ಒಳಗೆ ಹೋಗಿ ಒಲೆ ನೋಡಿಕೊಳ್ಳುತ್ತಾಳೆ. ನಮ್ಮ ರಸ್ತೆಯ ಈ ನಾಲ್ವರದ್ದು ಅಕ್ಕಂದಿರಿಂದ ಬಂದ ಹಳೆಯ ಸೈಕಲ್ಲುಗಳು, ಎಲ್ಲವೂ ಒಂದೇ ನಮೂನೆ. ಗುರುತಿಗೆಂದು ಒಬ್ಬಳು ಹ್ಯಾಂಡಲ್ಲಿಗೆ ಒಡೆಯದ ಪ್ಲಾಸ್ಟಿಕ್ ಬಳೆ ತೊಡಿಸಿದ್ದಾಳೆ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೂ ವ್ಯಾನು ಅವನನ್ನು ಮುಕ್ಕಾಲು ಗಂಟೆ ಬಡಾವಣೆಯೆಲ್ಲ ಸುತ್ತಿಸಿ ಅಲ್ಲಿಗೆ ಮುಟ್ಟಿಸುತ್ತದೆ. ಅಲ್ಲಿನ ರಸ್ತೆ ದಾಟುವುದನ್ನು ಕಂಡವನಾದ್ದರಿಂದ ತಂಗಿಯನ್ನು ದೂರಲಾರೆ.

ಮೊನ್ನೆ ಬಳೆ ತೊಟ್ಟ ಸೈಕಲ್ಲಿನ ಚೈನು ನಮ್ಮ ಗೇಟಿನ ಎದುರಿಗೇ ಬಿತ್ತು. ಉಳಿದ ಮೂವರೂ ಇಳಿದರು. ಒಬ್ಬಳು ಹಿಂದಿನ ಚಕ್ರವನ್ನು ಎತ್ತಿ ಹಿಡಿದಳು, ಒಬ್ಬಳು ಕಡ್ಡಿಯಿಂದ ಚೈನನ್ನು ಹಲ್ಲಿಗೆ ಕೂರಿಸಿ ಪೆಡಲು ತಿರುಗಿಸಿದಳು, ಇನ್ನೊಬ್ಬಳು ಏನೂ ಮಾಡದೆ ಅರ್ಧಕ್ಕೆ ನಿಂತಿದ್ದ ಕಥೆಯನ್ನು ಮುಂದುವರಿಸಿದಳು. ಕೈಗೆ ಹತ್ತಿದ ಕರಿ ಗ್ರೀಸು ಮೊದಲು ಹೊಂಗೆಯ ಎಲೆಗೆ, ಮಿಕ್ಕದ್ದು ಕಥೆ ಹೇಳುವವಳ ಕೆನ್ನೆಗೆ ಹೋಯಿತು. ಅಷ್ಟರಲ್ಲಿ ಬಸ್ಸು ಬಂದು, ಅವರ ಪಕ್ಕದಲ್ಲಿ ತುಸು ನಿಧಾನಿಸಿ, ಯಾರೂ ಕತ್ತೆತ್ತದ್ದನ್ನು ಕಂಡು, ಖಾಲಿ ಸೀಟುಗಳ ಸಮೇತ ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು.